ಬಾಯಿಪಾಠದ ಜೆಲ್ಲಿ

ಪಿಯುಸಿಯಲ್ಲಿ ಬಯಾಲಜಿ ತೆಗೆದುಕೊಂಡಿರುವ ಹುಡುಗಿ ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಇದ್ದರೆ ಕರೆದು ಕೂರಿಸಿ, "ಜೆಲ್ ಎಲೆಕ್ಟ್ರೋಫೋರೆಸಿಸ್ ಅಂದರೆ ಏನಮ್ಮ?" ಎಂದು ಒಮ್ಮೆ ಕೇಳಿ ನೋಡಿ. ಹುಡುಗಿ ಒಂದು ಕ್ಷಣ ಕಣ್ಣು ಮುಚ್ಚುತ್ತಾಳೆ. ಆಮೇಲೆ ಸುಪ್ರಭಾತ ಹೇಳಿದ ಹಾಗೆ ಒಂದೇ ಉಸಿರಿಗೆ ಇಂಗ್ಲಿಷಿನಲ್ಲಿ ಒಪ್ಪಿಸಿಬಿಡುತ್ತಾಳೆ. ಡಿಎನ್‌ಎ ತುಣುಕುಗಳಿಗೆ ಋಣ ವಿದ್ಯುದಂಶವಿದೆ, ಆದ್ದರಿಂದ ಅವು ಧನ ಧ್ರುವದ ಕಡೆಗೆ ಓಡುತ್ತವೆ. ಅವು ಓಡುವುದು ಅಗರೋಸ್ ಎಂಬ ಜೆಲ್ಲಿನೊಳಗೆ, ಅದನ್ನು ಸಮುದ್ರದ ಪಾಚಿಯಿಂದ ತೆಗೆಯುತ್ತಾರೆ. ಚಿಕ್ಕ ತುಣುಕು ದೂರ ಹೋಗುತ್ತದೆ, ದೊಡ್ಡದು ಹಿಂದೆ ಉಳಿಯುತ್ತದೆ. ಎಥಿಡಿಯಂ ಬ್ರೋಮೈಡ್ ಹಾಕಿ ಅಲ್ಟ್ರಾವಯೊಲೆಟ್ ಬೆಳಕಿನಲ್ಲಿ ನೋಡಿದರೆ ಕಿತ್ತಳೆ ಬಣ್ಣದ ಪಟ್ಟಿಗಳು ಕಾಣುತ್ತವೆ. ಪಟ್ಟಿಯನ್ನು ಕತ್ತರಿಸಿ ಅದರಿಂದ ಡಿಎನ್‌ಎ ಬಿಡಿಸಿಕೊಳ್ಳುವುದಕ್ಕೆ ಎಲ್ಯೂಷನ್ ಎಂದು ಹೆಸರು. ಮುಗಿಯಿತು. ಒಂದಕ್ಷರ ತಪ್ಪಿರುವುದಿಲ್ಲ.

ಈಗ ಎರಡನೆಯ ಪ್ರಶ್ನೆ ಕೇಳಿ. "ಅಗರೋಸ್ ನೋಡಲು ಹೇಗಿರುತ್ತೆ? ಪುಡಿಯೋ, ಎಣ್ಣೆಯ ಹಾಗೋ, ಗಟ್ಟಿಯೋ?" ಹುಡುಗಿ ಕಣ್ಣು ಬಿಡುತ್ತಾಳೆ. ನನ್ನಲ್ಲಿ ಓದಿ ಪಿಯುಸಿಗೆ ಹೋದ ಮಕ್ಕಳು ಹಬ್ಬಕ್ಕೋ ರಜಕ್ಕೋ ಮನೆಗೆ ಬಂದಾಗ ನಾನು ಇದನ್ನು ಎಷ್ಟು ಜನರಿಗೆ ಕೇಳಿದ್ದೇನೋ ಲೆಕ್ಕವಿಲ್ಲ. ರಾಮನಗರದಲ್ಲಿ ಓದುವವರು, ಚನ್ನಪಟ್ಟಣದವರು, ಕನಕಪುರದ ಹಾಸ್ಟೆಲಿನಲ್ಲಿರುವವರು, ಮಾಗಡಿಯಿಂದ ಬಸ್ಸಿನಲ್ಲಿ ಓಡಾಡುವವರು, ಎಲ್ಲರೂ ಒಂದೇ ಉತ್ತರ ಕೊಟ್ಟರು: "ಅದು ಎಕ್ಸಾಮ್‌ಗೆ ಬರಲ್ಲ ಮಿಸ್."

ನಾನು ಬಿ.ಎ., ಬಿ.ಎಡ್. ಮಾಡಿದವಳು. ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಡುವವಳು, ಟೀಚರು ಕಡಿಮೆ ಬಿದ್ದ ವರ್ಷಗಳಲ್ಲಿ ಸಮಾಜ ವಿಜ್ಞಾನವನ್ನೂ. "ನಿಮಗೆ ಯಾಕೆ ಮೇಡಂ ಈ ಸೈನ್ಸಿನ ಉಸಾಬರಿ, ಹಳಗನ್ನಡ ಹೇಳಿಕೊಂಡು ಹಾಯಾಗಿರಬಾರದೆ?" ಎಂದು ಸ್ಟಾಫ್ ರೂಮಿನಲ್ಲಿ ನಗುವವರಿದ್ದಾರೆ. ಸಾರು ಉಪ್ಪಾಗಿದೆ ಎಂದು ಹೇಳುವುದಕ್ಕೆ ಅಡುಗೆ ಭಟ್ಟರ ಮಗನೇ ಆಗಿರಬೇಕೆ? ಅರ್ಥವಾಗದೆ ಉರು ಹೊಡೆದದ್ದು ಯಾವುದು, ಅರ್ಥವಾಗಿ ಬಂದದ್ದು ಯಾವುದು ಎಂದು ಮಗುವಿನ ಮುಖ ನೋಡಿ ಹೇಳುವ ವಿದ್ಯೆ ಒಂದನ್ನಾದರೂ ಈ ಮೂವತ್ತು ವರ್ಷದ ಚಾಕರಿ ನನಗೆ ಕಲಿಸಿದೆ. ಅದು ಕನ್ನಡಕ್ಕೂ ಒಂದೇ, ಬಯಾಲಜಿಗೂ ಒಂದೇ.

ನನಗೆ ನಿಜವಾಗಿ ಸಿಟ್ಟು ಬರುವುದು ಈ ಪಾಠ ಕಷ್ಟ ಎಂಬುದಕ್ಕಲ್ಲ. ಇದು ನಮ್ಮದೇ ಪಾಠ ಎಂಬುದಕ್ಕೆ. ನಮ್ಮದು ಎಂದರೆ ಹೆಂಗಸರದ್ದು, ಅಡುಗೆಮನೆಯದ್ದು, ಬಟ್ಟೆ ಒಗೆಯುವ ಕಲ್ಲಿನದ್ದು.

ನೋಡಿ, ಅಗರೋಸ್ ಎಂಬುದು ಅಗರ್ ಎಂಬ ಪದಾರ್ಥದ ಶುದ್ಧ ಮಾಡಿದ ಭಾಗ. ಅಗರ್ ಎಂದರೆ ನಮ್ಮ ಅಂಗಡಿಗಳಲ್ಲಿ ಸಿಗುವ ಚೈನಾ ಗ್ರಾಸ್. ಮಕ್ಕಳ ಹುಟ್ಟಿದ ಹಬ್ಬಕ್ಕೆ ಹಾಲಿನಲ್ಲಿ ಕುದಿಸಿ ತಟ್ಟೆಗೆ ಸುರಿದು, ತಣ್ಣಗಾದ ಮೇಲೆ ಬರ್ಫಿಯ ಹಾಗೆ ಕತ್ತರಿಸಿ ಕೊಡುತ್ತೇವಲ್ಲ, ಅದೇ. ಇದು ಪ್ರಯೋಗಶಾಲೆಗೆ ಹೋದದ್ದು ಹೇಗೆ ಗೊತ್ತೆ? 1881ರ ಸುಮಾರಿಗೆ ಜರ್ಮನಿಯಲ್ಲಿ ರಾಬರ್ಟ್ ಕೋಖ್ ಎಂಬ ದೊಡ್ಡ ವಿಜ್ಞಾನಿಯ ಬಳಿ ವಾಲ್ಟರ್ ಹೆಸ್ ಎಂಬ ಡಾಕ್ಟರು ಕೆಲಸ ಮಾಡುತ್ತಿದ್ದ. ರೋಗಾಣು ಬೆಳೆಸಲು ಅವರು ಬಳಸುತ್ತಿದ್ದ ಜೆಲಟಿನ್ ಬೇಸಿಗೆ ಬಂದರೆ ಕರಗಿ ನೀರಾಗುತ್ತಿತ್ತು. ಗಂಡ ತಲೆ ಕೆಡಿಸಿಕೊಂಡಿದ್ದಾಗ ಹೆಂಡತಿ ಫ್ಯಾನಿ ಹೆಸ್, ನಾನು ಮಾಡುವ ಜೆಲ್ಲಿ ಸೆಕೆಗೆ ಕರಗುವುದಿಲ್ಲವಲ್ಲ, ಅದಕ್ಕೆ ಅಗರ್ ಹಾಕುತ್ತೇನೆ, ನೀವೂ ಹಾಕಿ ನೋಡಿ ಎಂದು ಸೂಚಿಸಿದಳು. ಅವಳಿಗೆ ಅದನ್ನು ಹೇಳಿಕೊಟ್ಟಿದ್ದವರು ಜಾವಾದಲ್ಲಿದ್ದು ಬಂದ ಪರಿಚಯದವರು. ಮರುವರ್ಷ ಕೋಖ್ ಕ್ಷಯದ ರೋಗಾಣುವಿನ ಮೇಲೆ ಪ್ರಸಿದ್ಧ ಲೇಖನ ಬರೆದಾಗ ಅಗರಿನ ಹೆಸರು ಬಂತು, ಫ್ಯಾನಿಯ ಹೆಸರು ಬರಲಿಲ್ಲ. ನನ್ನ ಓದುಗ ಸೋದರಿಯರಿಗೆ ಇದರಲ್ಲೇನೂ ಆಶ್ಚರ್ಯವಾಗಲಾರದು.

ಇನ್ನೊಂದು ಕಥೆ ಕೇಳಿ. ಜೆಲ್ಲಿನೊಳಗೆ ಕರೆಂಟು ಹಾಯಿಸಿ ಪದಾರ್ಥಗಳನ್ನು ಬೇರೆ ಮಾಡುವ ವಿದ್ಯೆಗೆ ಬಲ ಬಂದದ್ದು 1955ರಲ್ಲಿ, ಆಲಿವರ್ ಸ್ಮಿತೀಸ್ ಎಂಬಾತ ಕೆನಡಾದಲ್ಲಿ ರಕ್ತದ ಪ್ರೋಟೀನುಗಳನ್ನು ಪಿಷ್ಟದ ಜೆಲ್ಲಿನಲ್ಲಿ ಓಡಿಸಿದಾಗ. ಪಿಷ್ಟ ಏಕೆ ನೆನಪಾಯಿತು? ಚಿಕ್ಕವನಾಗಿದ್ದಾಗ ತಾಯಿ ಅಪ್ಪನ ಅಂಗಿಗಳಿಗೆ ಗಂಜಿ ಹಾಕುತ್ತಿದ್ದಳು, ಉಳಿದ ಗಂಜಿ ಆರಿದ ಮೇಲೆ ಗಟ್ಟಿ ಕಟ್ಟುತ್ತಿದ್ದುದು ಹುಡುಗನ ಕಣ್ಣಿನಲ್ಲಿ ಉಳಿದಿತ್ತು ಎಂದು ಆತನೇ ಹೇಳಿಕೊಂಡಿದ್ದಾನೆ. 2007ರಲ್ಲಿ ಬೇರೊಂದು ಕೆಲಸಕ್ಕೆ ನೊಬೆಲ್ ಬಂದಾಗಲೂ ಆತ ಆ ಗಂಜಿಯನ್ನು ಮರೆಯಲಿಲ್ಲ. ನಮ್ಮ ಅಮ್ಮಂದಿರು ಖಾದಿ ಸೀರೆಗೆ ಹಾಕುತ್ತಿದ್ದುದೂ ಅದೇ ಗಂಜಿ. ಪಿಷ್ಟ ಹೋಗಿ ಡಿಎನ್‌ಎಗೆ ಅಗರೋಸ್ ಬಂದದ್ದು 1970ರ ದಶಕದ ಮೊದಲಲ್ಲಿ.

ಇದಿಷ್ಟನ್ನು ಹೇಳುವುದಕ್ಕೆ ಎಷ್ಟು ಹೊತ್ತು ಬೇಕು? ಹತ್ತು ನಿಮಿಷ. ಆ ಹತ್ತು ನಿಮಿಷ ನಮ್ಮ ಹೆಣ್ಣುಮಕ್ಕಳಿಗೆ ಸಿಗುವುದಿಲ್ಲ. ಎಥಿಡಿಯಂ ಬ್ರೋಮೈಡಿನ ಸ್ಪೆಲ್ಲಿಂಗಿಗೆ ಮಾತ್ರ ಸಿಗುತ್ತದೆ.

ಕೆಲಸ ಏನು ಎಂಬುದನ್ನೂ ಹೇಳಿಬಿಡುತ್ತೇನೆ, ಇಲ್ಲವಾದರೆ ನಾನೂ ಪುಸ್ತಕದವರ ಹಾಗೆಯೇ ಆದೇನು. ಸೊಪ್ಪೋ ರಕ್ತವೋ ಹುಳುವೋ, ಯಾವುದರದ್ದಾದರೂ ಜೀವಕೋಶ ಒಡೆದು, ಪ್ರೋಟೀನು ಕೊಬ್ಬು ಎಲ್ಲ ಕಳೆದು, ತಣ್ಣನೆಯ ಸ್ಪಿರಿಟ್ ಹಾಕಿದರೆ ಡಿಎನ್‌ಎ ಬಿಳಿಯ ನೂಲಿನ ಹಾಗೆ ತೇಲಿ ಬರುತ್ತದೆ. ಅದು ಬಹಳ ಉದ್ದದ ನೂಲು. ಅದನ್ನು ಗೊತ್ತಾದ ಜಾಗಗಳಲ್ಲಿ ಕತ್ತರಿಸುವ ಕಿಣ್ವಗಳಿವೆ. ಕತ್ತರಿಸಿದ ಮೇಲೆ ಉದ್ದದ್ದು ಗಿಡ್ಡದ್ದು ಎಲ್ಲ ಕಲಸಿ ಹೋಗಿರುತ್ತದೆ, ಅದನ್ನು ವಿಂಗಡಿಸಬೇಕು. ನೂರು ಮಿಲಿಲೀಟರ್ ಉಪ್ಪಿನಂಶದ ದ್ರಾವಣಕ್ಕೆ ಸುಮಾರು ಒಂದು ಗ್ರಾಂ ಅಗರೋಸ್ ಹಾಕಿ ಕುದಿಸಿ, ಬಾಚಣಿಗೆಯಂಥದ್ದನ್ನು ನಿಲ್ಲಿಸಿ, ತಟ್ಟೆಗೆ ಸುರಿಯುತ್ತಾರೆ. ಗಟ್ಟಿಯಾದ ಮೇಲೆ ಬಾಚಣಿಗೆ ಎತ್ತಿದರೆ ಸಾಲಾಗಿ ಗುಳಿಗಳು. ಗುಳಿಗೆ ಡಿಎನ್‌ಎ ಹಾಕಿ ಆ ಕಡೆ ಈ ಕಡೆ ಕರೆಂಟು ಕೊಟ್ಟರೆ ಓಟ ಶುರು.

ಎಲ್ಲ ತುಣುಕುಗಳೂ ಓಡುವುದು ಒಂದೇ ದಿಕ್ಕಿಗೆ. ಆದರೆ ಜೆಲ್ಲಿನೊಳಗೆ ಕಣ್ಣಿಗೆ ಕಾಣದ ಸಾವಿರಾರು ತೂತುಗಳ ಜರಡಿ ಇದೆ. ರಾಮನಗರದಲ್ಲಿ ಚಾಮುಂಡೇಶ್ವರಿ ಕರಗದ ರಾತ್ರಿ ಜನಸಂದಣಿ ನೋಡಿದ್ದೀರಲ್ಲ? ಅಲ್ಲಿ ಐದು ವರ್ಷದ ಹುಡುಗ ಕಾಲುಗಳ ನಡುವೆ ನುಸುಳಿ ಕರಗದ ಮುಂದಕ್ಕೇ ಹೋಗಿ ನಿಲ್ಲುತ್ತಾನೆ, ಅವನ ಸ್ಥೂಲಕಾಯದ ಸೋದರಮಾವ ಜಿಲೇಬಿ ಅಂಗಡಿಯ ಹತ್ತಿರವೇ ಸಿಕ್ಕಿಕೊಂಡಿರುತ್ತಾನೆ. ಅಷ್ಟೇ. ಒಂದೇ ಅಳತೆಯವು ಒಂದೇ ಕಡೆ ಸೇರಿ ಗೆರೆಯಾಗುತ್ತವೆ. ಪಕ್ಕದ ಗುಳಿಯಲ್ಲಿ ಅಳತೆ ಗೊತ್ತಿರುವ ತುಣುಕುಗಳನ್ನು ಓಡಿಸಿದ್ದರೆ ಯಾವ ಗೆರೆ ಎಷ್ಟುದ್ದ ಎಂದು ಸ್ಕೇಲಿಟ್ಟ ಹಾಗೆ ಹೇಳಬಹುದು.

ಬೇಕಾದ ಗೆರೆಯನ್ನು ಬ್ಲೇಡಿನಿಂದ ಕತ್ತರಿಸಿ ತೆಗೆದು, ಒಂದು ಬಗೆಯ ಉಪ್ಪಿನ ನೀರಿನಲ್ಲಿ ಬೆಚ್ಚಗಿಟ್ಟರೆ ಜೆಲ್ಲಿ ಕರಗುತ್ತದೆ. ಅದನ್ನು ಸಿಲಿಕಾದ ಮೇಲೆ, ಎಂದರೆ ಮರಳು ಗಾಜುಗಳ ಜಾತಿಯ ಪದಾರ್ಥದ ಮೇಲೆ ಹಾಯಿಸಿದರೆ ಡಿಎನ್‌ಎ ಅಂಟಿಕೊಳ್ಳುತ್ತದೆ, ಉಳಿದದ್ದು ಹರಿದುಹೋಗುತ್ತದೆ. ಸ್ಪಿರಿಟಿನಲ್ಲಿ ತೊಳೆದು ಕಡೆಗೆ ಬರಿಯ ನೀರು ಹಾಕಿದರೆ ಹಿಡಿದುಕೊಂಡ ಕೈ ಬಿಟ್ಟ ಹಾಗೆ ಡಿಎನ್‌ಎ ಇಳಿದು ಬರುತ್ತದೆ. ಸಾವಿರ ತುಣುಕುಗಳಲ್ಲಿ ನಮಗೆ ಬೇಕಾದ್ದೊಂದೇ ಶುದ್ಧವಾಗಿ ಸಿಕ್ಕಿತು. ಆ ಹುಡುಗಿ ಕಣ್ಣು ಮುಚ್ಚಿ ಹೇಳಿದ ಎಲ್ಯೂಷನ್ ಇದು. ರೇಷ್ಮೆ ಗೂಡು ಬೇಯಿಸಿ ಎಳೆಯ ತುದಿ ಹಿಡಿಯುವ ಕೈಗಳ ಊರಿನಲ್ಲಿ ಇದು ಅರ್ಥವಾಗದ ವಿಷಯವೆ?

ಕಾಲೇಜಿನವರನ್ನು ಕೇಳಿದರೆ ಕಾರಣಗಳ ಸರಮಾಲೆಯೇ ಬರುತ್ತದೆ. ಉಪಕರಣಕ್ಕೆ ದುಡ್ಡಿಲ್ಲ. ಎಥಿಡಿಯಂ ಬ್ರೋಮೈಡ್ ವಿಷ. ಪೋರ್ಷನ್ ಮುಗಿಸಲು ಟೈಮಿಲ್ಲ. ಪ್ರಾಕ್ಟಿಕಲ್ ಪರೀಕ್ಷೆಗೆ ಬರುವುದಿಲ್ಲ. ಎನ್‌ಸಿಇಆರ್‌ಟಿ ಪುಸ್ತಕ ನಮ್ಮ ಪಿಯು ವಿಜ್ಞಾನಕ್ಕೆ ಬಂದು ಹತ್ತು ವರ್ಷಗಳ ಮೇಲಾಯಿತು, ಕಾರಣಗಳು ಮಾತ್ರ ಹಾಗೇ ಇವೆ. ಈಗ ಹೊಸದೊಂದು ಸೇರಿದೆ: "ಸ್ಮಾರ್ಟ್ ಬೋರ್ಡಿನಲ್ಲಿ ವಿಡಿಯೊ ತೋರಿಸಿದ್ದೇವೆ ಮೇಡಂ." ಹೋಳಿಗೆ ತಟ್ಟುವ ವಿಡಿಯೊ ನೋಡಿದವರ ಹೊಟ್ಟೆ ತುಂಬುತ್ತದೆಯೇ?

ವಿಷದ ಮಾತು ಸುಳ್ಳಲ್ಲ. ಡಿಎನ್‌ಎಯ ಒಳಗೇ ಹೊಕ್ಕು ಕೂರುವ ಬಣ್ಣ ಅದು, ಮಕ್ಕಳ ಕೈಗೆ ಕೊಡುವಂಥದ್ದಲ್ಲ. ಆದರೆ ಅದಕ್ಕಿಂತ ಸೌಮ್ಯವಾದ ಬಣ್ಣಗಳು ಬಂದಿವೆ. ಬಣ್ಣವೂ ಬೇಡ, ಡಿಎನ್‌ಎಯೂ ಬೇಡ, ಓಟದ ಮರ್ಮ ತೋರಿಸಲು ಅಡುಗೆಮನೆ ಸಾಕು. ಇದನ್ನು ಬಾಯಿಮಾತಿಗೆ ಹೇಳುತ್ತಿಲ್ಲ. ನಮ್ಮ ಶಾಲೆಯ ವಿಜ್ಞಾನದ ಟೀಚರೂ ನಾನೂ ಒಂದು ಶನಿವಾರ ಒಂಬತ್ತನೆಯ ತರಗತಿಯ ಮಕ್ಕಳನ್ನು ಕೂರಿಸಿಕೊಂಡು ಮಾಡಿದ್ದೇವೆ. ಒಂದು ಪ್ಲಾಸ್ಟಿಕ್ ಸೋಪಿನ ಡಬ್ಬಿ. ಹಲ್ಲು ಮುರಿದ ಒಂದು ಬಾಚಣಿಗೆ. ಚೈನಾ ಗ್ರಾಸ್. ಚಿಟಿಕೆ ಅಡುಗೆ ಸೋಡಾ ಹಾಕಿದ ನೀರು. ಒಂಬತ್ತು ವೋಲ್ಟಿನ ಐದು ಬ್ಯಾಟರಿ, ಒಂದರ ಬಾಲಕ್ಕೆ ಇನ್ನೊಂದರ ತಲೆ ಸೇರಿಸಿದರೆ ನಲವತ್ತೈದು ವೋಲ್ಟ್. ಎರಡು ಪೆನ್ಸಿಲಿನ ಕಡ್ಡಿ. ಕೇಸರಿಬಾತಿಗೆ ಹಾಕುವ ಬಣ್ಣ, ಬರ್ಫಿಗೆ ಹಾಕುವ ಹಸಿರು ಬಣ್ಣ, ಗುಳಿಯಲ್ಲಿ ತಳಕ್ಕೆ ಕೂರಲೆಂದು ಅವುಗಳಿಗೆ ಒಂದು ತೊಟ್ಟು ಸಕ್ಕರೆ ಪಾಕ. (ಮನೆಯಲ್ಲಿ ಮಾಡುವವರು ಬ್ಯಾಟರಿಯನ್ನೇ ಬಳಸಿ, ಗೋಡೆಯ ಪ್ಲಗ್ಗಿಗೆ ಮಾತ್ರ ತಂತಿ ಸಿಕ್ಕಿಸಬೇಡಿ, ಜೀವಕ್ಕೆ ಅಪಾಯ.)

ಮೊದಲು ಕಡ್ಡಿಗಳ ಸುತ್ತ ಗುಳ್ಳೆ ಎದ್ದಿತು. "ಕುದೀತಾ ಐತೆ ಮಿಸ್" ಎಂದು ಒಬ್ಬ ಹಿಂದಕ್ಕೆ ಸರಿದ. ಹತ್ತು ನಿಮಿಷ ಏನೂ ಕಾಣಲಿಲ್ಲ. ಹುಡುಗರು ಕಿಟಕಿಯಾಚೆ ನೋಡತೊಡಗಿದರು. ಆಮೇಲೆ ಹಸಿರು ಗುಳಿಯಿಂದ ಮುಂದಕ್ಕೆ ಒಂದು ಹಳದಿ ನಾಲಿಗೆ ಚಾಚಿತು. ಅದರ ಹಿಂದೆ ನೀಲಿ ಉಳಿಯಿತು. ಮುಕ್ಕಾಲು ಗಂಟೆಗೆ ಹಳದಿ ಬೇರೆ, ನೀಲಿ ಬೇರೆ, ನಡುವೆ ಬರಿಯ ಜೆಲ್ಲಿ. ಮಾತೇ ಆಡದ ಒಬ್ಬ ಹುಡುಗಿ, ಮಾಗಡಿ ಕಡೆಯವಳು, ಅಜ್ಜಿ ಮನೆಯಲ್ಲಿದ್ದು ಓದುತ್ತಾಳೆ, ತಲೆ ಬಗ್ಗಿಸಿ ನೋಡಿ ಕೇಳಿದಳು: "ಹಸಿರು ಎಲ್ಲೋಯ್ತು ಮಿಸ್?" ಹಸಿರು ಮೊದಲಿನಿಂದಲೂ ಇರಲಿಲ್ಲ, ಹಳದಿ ನೀಲಿ ಕೂಡಿ ಹಸಿರಿನ ವೇಷ ಹಾಕಿದ್ದವು ಎಂದು ಪಕ್ಕದ ಹುಡುಗನೇ ಅವಳಿಗೆ ಹೇಳಿದ. ನಾವು ಇಬ್ಬರು ಟೀಚರುಗಳು ಬಾಯಿ ತೆರೆಯಲೇ ಇಲ್ಲ.

ನೀಲಿ ಪಟ್ಟಿಯನ್ನು ಅವಳೇ ಬ್ಲೇಡಿನಲ್ಲಿ ಕತ್ತರಿಸಿ ಒಂದು ಲೋಟ ನೀರಿಗೆ ಹಾಕಿದಳು. ಸೋಮವಾರ ಬಂದು ನೋಡಿದರೆ ನೀರೆಲ್ಲ ತಿಳಿನೀಲಿ, ಜೆಲ್ಲಿಯ ತುಂಡು ಬಿಳಿಚಿಕೊಂಡಿತ್ತು. ಅದಕ್ಕೆ ಏನು ಹೆಸರು ಎಂದು ನಾವು ಹೇಳಿಕೊಡಲಿಲ್ಲ. ಪಿಯುಸಿಗೆ ಹೋದಾಗ ಎಲ್ಯೂಷನ್ ಎಂಬ ಪದ ಸಿಕ್ಕರೆ ಅವಳಿಗೆ ಆ ಲೋಟ ನೆನಪಾಗುತ್ತದೆ.

ಖರ್ಚಿನಲ್ಲಿ ಹೆಚ್ಚಿನ ಪಾಲು ಬ್ಯಾಟರಿಗೇ ಹೋಯಿತು. ವಾರ್ಷಿಕೋತ್ಸವದ ಶಾಮಿಯಾನಕ್ಕೆ ಕೊಡುವ ದುಡ್ಡಿನಲ್ಲಿ ಇಂಥದ್ದನ್ನು ಎಷ್ಟು ಸಲ ಮಾಡಬಹುದು ಎಂದು ಲೆಕ್ಕ ಹಾಕಿ ಮನಸ್ಸು ಕೆಡಿಸಿಕೊಳ್ಳುವುದು ಬೇಡ.

"ಅಷ್ಟಕ್ಕೂ ನಮ್ಮ ಹೆಣ್ಣುಮಕ್ಕಳಿಗೆ ಇದರಿಂದ ಏನಾಗಬೇಕು?" ಇದು ಕಡೆಯ ಬಾಣ. ಡಾಕ್ಟರಾಗುವವರು ನೂರಕ್ಕೆ ಒಬ್ಬರೋ ಇಬ್ಬರೋ, ಉಳಿದವರು ಮದುವೆಯಾಗಿ ಹೋಗುವವರು ತಾನೇ ಎಂದು. ಈ ಬಾಣಕ್ಕೆ ನನ್ನ ಬಳಿ ಎರಡು ಉತ್ತರಗಳಿವೆ.

ಮೊದಲನೆಯದು ನಮ್ಮ ಹುಳುವಿನದ್ದು. ಈ ನಾಲ್ಕು ತಾಲ್ಲೂಕುಗಳಲ್ಲಿ ರೇಷ್ಮೆಯ ಋಣವಿಲ್ಲದ ಮನೆ ಹುಡುಕುವುದು ಕಷ್ಟ. ಹುಳುವನ್ನು ಚಾಕಿಯಿಂದ ಹಣ್ಣಾಗುವ ತನಕ ಸಾಕುವುದು, ಜ್ವರಕ್ಕೆ ಕೂತಾಗ ಸೊಪ್ಪು ನಿಲ್ಲಿಸುವುದು, ಹಣ್ಣು ಹುಳು ಆರಿಸಿ ಚಂದ್ರಿಕೆಗೆ ಬಿಡುವುದು, ಹೆಚ್ಚು ಪಾಲು ಹೆಂಗಸರ ಕೆಲಸ. ಗೂಡು ಮಾರುಕಟ್ಟೆಗೆ ಹೋಗಿ ದುಡ್ಡು ಎಣಿಸಿಕೊಳ್ಳುವುದು ಮಾತ್ರ ಗಂಡಸರ ಕೆಲಸ. ಗಂಟುರೋಗ ಬಂದರೆ ಮನೆ ಮುಳುಗಿತು ಎಂದು ನಮ್ಮ ಅಜ್ಜಿಯರಿಗೂ ಗೊತ್ತಿತ್ತು. ಅದು ತಾಯಿ ಚಿಟ್ಟೆಯಿಂದ ಮೊಟ್ಟೆಗೆ ಇಳಿಯುತ್ತದೆ, ಆದ್ದರಿಂದ ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ ಎಂದು 1865ರಿಂದ 1870ರವರೆಗೆ ಫ್ರಾನ್ಸಿನ ರೇಷ್ಮೆ ಸೀಮೆಯಲ್ಲಿ ಕೂತು ಕಂಡುಹಿಡಿದವನು ಲೂಯಿ ಪಾಶ್ಚರ್. ನಮ್ಮ ಮೊಟ್ಟೆ ಕೇಂದ್ರಗಳಲ್ಲಿ ಚಿಟ್ಟೆ ಅರೆಯುವ ಹೆಣ್ಣುಮಕ್ಕಳು ಮಾಡುವುದು ಅದನ್ನೇ.

ಅದೇ ಹುಳುವಿನ ಡಿಎನ್‌ಎ ಜೆಲ್ಲಿನಲ್ಲಿ ಓಡಿದೆ. ಬೆಂಗಳೂರಿನ ಸರ್ಜಾಪುರ ರಸ್ತೆಯ ಕೊಡತಿಯಲ್ಲಿ ಕೇಂದ್ರ ರೇಷ್ಮೆ ಮಂಡಳಿಯ ಪ್ರಯೋಗಾಲಯವಿದೆ. ಅಲ್ಲಿ ಕೆಲಸ ಮಾಡಿ, ಆಮೇಲೆ ಹೈದರಾಬಾದಿಗೆ ಹೋದ ಜೆ. ನಾಗರಾಜು ಎಂಬ ವಿಜ್ಞಾನಿ, ಲಾಲ್‌ಜಿ ಸಿಂಗ್ ಮೊದಲಾದವರ ಜೊತೆ ಸೇರಿ 1995ರಲ್ಲಿ ರೇಷ್ಮೆ ಹುಳುವಿನ ತಳಿತಳಿಗೂ ಡಿಎನ್‌ಎ ಗೆರೆಗಳು ಬೇರೆ ಬೇರೆ ಎಂದು ತೋರಿಸಿದರು. ಗೆರೆಗಳನ್ನು ಎದ್ದು ಕಾಣಿಸಲು ಅವರು ಬಳಸಿದ್ದು ಪಟ್ಟೆಪಟ್ಟೆಯ ಕಟ್ಟುಹಾವಿನ ಡಿಎನ್‌ಎಯಿಂದ ಮಾಡಿದ ತುಣುಕು, ಓದಿದರೆ ಪುರಾಣದ ಹಾಗಿದೆ! ವರ್ಷಕ್ಕೆ ಹಲವು ಬೆಳೆ ಕೊಡುವ ಮೈಸೂರು ತಳಿಯಂಥವು ಒಂದು ಗುಂಪು, ಬೈವೋಲ್ಟೀನ್ ತಳಿಗಳು ಇನ್ನೊಂದು ಗುಂಪು ಎಂದು ಮುಂದೆ ಇಂಥ ಗೆರೆಗಳಿಂದಲೇ ವಿಂಗಡಿಸಿದರು. ಮಾಗಡಿ ಕುಣಿಗಲ್ಲಿನ ರೈತರು ಬಿತ್ತನೆ ಗೂಡಿಗೆಂದು ತಲೆಮಾರುಗಳಿಂದ ಜತನ ಮಾಡಿದ ಮೈಸೂರು ತಳಿ ಇದೇ. ನಾಗರಾಜು 2012ರ ಡಿಸೆಂಬರ್ 31ರಂದು ತೀರಿಕೊಂಡರು. ನಮ್ಮ ಯಾವ ಶಾಲೆಯ ಗೋಡೆಯ ಮೇಲೂ ನಾನು ಅವರ ಪಟ ನೋಡಿಲ್ಲ. ನಮ್ಮ ಮಕ್ಕಳು ಪುಸ್ತಕದಲ್ಲಿರುವ ಯಾವುದೋ ಬ್ಯಾಕ್ಟೀರಿಯಾದ ಡಿಎನ್‌ಎ ಉರು ಹೊಡೆಯುತ್ತಾರೆ. ಅಟ್ಟದ ಮೇಲಿನ ತಟ್ಟೆಯಲ್ಲಿ ಸೊಪ್ಪು ಮೇಯುತ್ತಿರುವ ಹುಳುವಿಗೂ ಅದು ಇದೆ ಎಂದು ಅವರಿಗೆ ಯಾರೂ ಹೇಳುವುದಿಲ್ಲ.

ಎರಡನೆಯ ಉತ್ತರ ಬರೆಯುವುದು ಕಷ್ಟ. ಆದರೂ ಬರೆಯುತ್ತೇನೆ.

ಕೆಲವು ವರ್ಷಗಳ ಹಿಂದೆ ಒಬ್ಬ ತಾಯಿ ಸಂಜೆ ಹೊತ್ತು ನಮ್ಮ ಮನೆಗೆ ಬಂದಳು. ಹಿಂದೆ ಮಗಳು. ಆ ಮಗಳು ನನ್ನ ಹಳೆಯ ವಿದ್ಯಾರ್ಥಿನಿ, ಆಗ ತಾನೇ ಪಿಯುಸಿ ಪಾಸಾಗಿದ್ದಳು. ತಾಯಿ ಬಹಳ ಹೊತ್ತು ಸೆರಗಿನ ತುದಿ ಸುತ್ತುತ್ತಾ ಕೂತಿದ್ದು ಕೊನೆಗೆ ಬಾಯಿಬಿಟ್ಟಳು. ಗಂಡನಿಗೆ ಅನುಮಾನದ ಪಿಶಾಚಿ ಹಿಡಿದಿದೆ. ಕಿರಿಯ ಮಗು ತನ್ನದಲ್ಲ ಎನ್ನುತ್ತಾನೆ. ಡಿಎನ್‌ಎ ಟೆಸ್ಟ್ ಮಾಡಿಸಿ ಬಣ್ಣ ಬಯಲು ಮಾಡುತ್ತೇನೆ ಎಂದು ನೆಂಟರ ಮುಂದೆ ದಿನಾ ಹೆದರಿಸುತ್ತಾನೆ. ಅವಳಿಗೆ ತನ್ನ ನಡತೆಯ ಬಗ್ಗೆ ಭಯವಿರಲಿಲ್ಲ, ಇದ್ದದ್ದು ಆ ಮಿಷನ್ನಿನ ಭಯ. "ಅದ್ರಾಗೆ ನನ್ ಶೀಲ ಎಲ್ಲಾ ಕಾಣ್ತದಂತಲ್ಲ ಟೀಚರಮ್ಮ? ದುಡ್ ಕೊಟ್ರೆ ಅದು ಬೇಕಾದಂಗೆ ಬರ್ಕೊಡ್ತದಂತಲ್ಲ?"

ಮಗಳು ಗೋಡೆ ನೋಡುತ್ತಿದ್ದಳು. ಅವಳೇ ಅದಕ್ಕೆ ಹಿಂದಿನ ಬೇಸಿಗೆಯಲ್ಲಿ ಈ ಜೆಲ್ಲಿನ ಉತ್ತರವನ್ನು ನನಗೆ ಗಡಗಡ ಒಪ್ಪಿಸಿದ್ದವಳು. ಪಿಯುಸಿಯಲ್ಲಿ ಬಯಾಲಜಿಗೆ ಒಳ್ಳೆಯ ಅಂಕವೂ ಬಂದಿತ್ತು. ಆದರೂ ತಾಯಿಯ ಆ ಪ್ರಶ್ನೆಗೆ ಹೇಳಲು ಅವಳ ಹತ್ತಿರ ಒಂದು ವಾಕ್ಯ ಇರಲಿಲ್ಲ. ತಾನು ಬರೆದ ಉತ್ತರಕ್ಕೂ ಅಪ್ಪ ಹಾಕುವ ಬೆದರಿಕೆಗೂ ಸಂಬಂಧವಿದೆ ಎಂದೇ ಆ ಮಗುವಿಗೆ ಹೊಳೆದಿರಲಿಲ್ಲ. ಹೊಳೆಯುವ ಹಾಗೆ ಯಾರು ಕಲಿಸಿದ್ದರು?

ನಾನು ಒಂದು ಹಾಳೆಯ ಮೇಲೆ ಗೆರೆ ಎಳೆದು ತೋರಿಸಿದೆ. ಇದು ತಾಯಿಯ ಸಾಲು, ಇದು ತಂದೆಯ ಸಾಲು, ನಡುವೆ ಮಗುವಿನದ್ದು. ಮಗುವಿನ ಒಂದೊಂದು ಗೆರೆಗೂ ಆ ಕಡೆಯಲ್ಲೋ ಈ ಕಡೆಯಲ್ಲೋ ಜೋಡಿ ಗೆರೆ ಇರುತ್ತದೆ, ಅರ್ಧ ನಿನ್ನದು ಅರ್ಧ ಅವನದು. ಪರೀಕ್ಷೆಯಲ್ಲಿ ಕಾಣುವುದು ಇಷ್ಟೇ. ಶೀಲ ಕಾಣುವುದಿಲ್ಲ, ನೀನು ಯಾರ ಜೊತೆ ನಕ್ಕು ಮಾತಾಡಿದೆ ಎಂದು ಕಾಣುವುದಿಲ್ಲ. ಈಗ ಜೆಲ್ಲಿಯ ಬದಲು ಕೂದಲಿನಷ್ಟು ಸಣ್ಣ ನಳಿಗೆಯೊಳಗೆ ಓಡಿಸಿ ಕಂಪ್ಯೂಟರಿನಲ್ಲಿ ಓದುತ್ತಾರೆ, ಆದರೆ ಓಟ ಅದೇ. ಹಾಗೆ ಅವನಿಗೆ ಬೇಕೆನಿಸಿದಾಗ ಕೋರ್ಟು ಮಾಡಿಸುವ ಪರೀಕ್ಷೆಯೂ ಅದಲ್ಲ. ಮದುವೆ ಊರ್ಜಿತವಿರುವಾಗ ಹುಟ್ಟಿದ ಮಗು ಗಂಡನದೇ ಎಂದು 1872ರ ಸಾಕ್ಷ್ಯ ಕಾಯ್ದೆಯ 112ನೆಯ ಕಲಮು ಹೇಳಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಾಕ್ಷ್ಯ ಕಾನೂನಿನ 116ನೆಯ ಕಲಮೂ ಅದನ್ನೇ ಹೇಳುತ್ತದೆ. ಆ ಕಾಲದಲ್ಲಿ ಗಂಡ ಹೆಂಡತಿ ಸೇರುವ ಅವಕಾಶವೇ ಇರಲಿಲ್ಲ ಎಂದು ತೋರಿಸಬೇಕಾದವನು ಗಂಡ. ಸುಮ್ಮನೆ ಕೇಳಿದ್ದಕ್ಕೆಲ್ಲ ರಕ್ತ ಪರೀಕ್ಷೆಗೆ ಆಜ್ಞೆ ಮಾಡಬಾರದು ಎಂದು ಸುಪ್ರೀಂ ಕೋರ್ಟು 1993ರಲ್ಲೇ ಹೇಳಿತು. ಗಂಡ ಹೆಂಡಿರ ಜಗಳದಲ್ಲಿ ಮಗುವನ್ನು ಹೀಗೆ ಒರೆಗೆ ಹಚ್ಚಬಾರದು ಎಂದು 2023ರಲ್ಲಿ ಮತ್ತೆ ಹೇಳಿತು.

ಇನ್ನೊಂದನ್ನೂ ಹೇಳಿದೆ. ನಮ್ಮ ದೇಶದಲ್ಲಿ ತಂದೆ ಯಾರೆಂದು ತೀರ್ಮಾನಿಸಲು ಡಿಎನ್‌ಎ ಗೆರೆಗಳನ್ನು ಮೊದಲು ಒಪ್ಪಿದ್ದು ಕಾಸರಗೋಡಿನಿಂದ ತೆಂಕಣಕ್ಕಿರುವ ತಲಶ್ಶೇರಿಯ ನ್ಯಾಯಾಲಯ. ಮಗು ನನ್ನದಲ್ಲ ಎಂದ ಗಂಡಸು, ಅವನದೇ ಎಂದ ಹೆಂಗಸು. ಹೈದರಾಬಾದಿನ ಪ್ರಯೋಗಾಲಯದಲ್ಲಿ ಲಾಲ್‌ಜಿ ಸಿಂಗ್ ಪರೀಕ್ಷೆ ಮಾಡಿದರು. ಗೆರೆಗಳು ಹೆಂಗಸು ಹೇಳಿದ್ದೇ ನಿಜ ಎಂದವು. ಕೇರಳ ಹೈಕೋರ್ಟು 1991ರಲ್ಲಿ ಅದನ್ನು ಎತ್ತಿಹಿಡಿಯಿತು. ಮಗುವಿನ ಜೀವನಾಂಶ ಆ ಗೆರೆಗಳಿಂದ ಬಂತು.

ಆ ತಾಯಿ ಹಾಳೆಯನ್ನು ಮಡಿಸಿ ರವಿಕೆಯೊಳಗೆ ಇಟ್ಟುಕೊಂಡಳು. ಗಂಡ ಸರಿಹೋದ ಎಂದು ನಾನು ಹೇಳಲಾರೆ, ಅಂಥವರು ಹಾಳೆಯೊಂದಕ್ಕೆ ಸರಿಹೋಗುವುದಿಲ್ಲ. ಮುಂದಿನ ಸಲ ಅವನು ಟೆಸ್ಟಿನ ಮಾತು ಎತ್ತಿದಾಗ "ನಡಿ, ಮಾಡ್ಸು" ಎಂದಳಂತೆ. ಆಮೇಲೆ ಆ ಮಾತು ನಿಂತಿತಂತೆ. ಇದನ್ನು ನನಗೆ ಹೇಳಿದವಳು ಮಗಳು, ಈಗ ಅವಳು ನರ್ಸಿಂಗ್ ಓದುತ್ತಿದ್ದಾಳೆ.

2007ರಲ್ಲಿ ನಮ್ಮದು ರಾಮನಗರ ಜಿಲ್ಲೆಯಾಯಿತು. 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆ ಎಂದು ಹೆಸರು ಬದಲಾಯಿತು. ಬೋರ್ಡು ಬರೆಯುವವರಿಗೆ ಕೈತುಂಬ ಕೆಲಸ. ಬೆಂಗಳೂರಿನ ಹೆಸರನ್ನೇ ತಂದುಕೊಟ್ಟವರು ಬೆಂಗಳೂರಿನ ಒಂದು ಪ್ರಯೋಗಶಾಲೆಯನ್ನೂ ತೋರಿಸಲಿ. ಕನಕಪುರ ರಸ್ತೆಯಲ್ಲೇ, ತಲಘಟ್ಟಪುರದಲ್ಲಿ, ರಾಜ್ಯ ಸರ್ಕಾರದ ರೇಷ್ಮೆ ಸಂಶೋಧನಾ ಸಂಸ್ಥೆ ಇದೆ. ಕನಕಪುರದಿಂದ ಬೆಂಗಳೂರಿಗೆ ಹೋಗುವ ಬಸ್ಸುಗಳು ದಿನಾ ಅದರ ಹಾದಿಯಲ್ಲೇ ಓಡಾಡುತ್ತವೆ. ವರ್ಷಕ್ಕೊಮ್ಮೆ ಮಕ್ಕಳನ್ನು ಟೂರಿಗೆ ಕರೆದುಕೊಂಡು ಹೋಗಿ ವಾಟರ್ ಪಾರ್ಕಿನಲ್ಲಿ ನ

ೆನೆಸಿ ತರುವ ಕಾಲೇಜುಗಳು ಒಂದು ದಿನ ಇಂಥ ಕಡೆ ಬಸ್ಸು ನಿಲ್ಲಿಸಿದರೆ ಡೀಸೆಲ್ ಹೆಚ್ಚಾಗುವುದಿಲ್ಲ.

ಅದಕ್ಕೂ ಮೊದಲು ನಾವು ತಾಯಂದಿರು ಮಾಡಬಹುದಾದ್ದು ಒಂದಿದೆ. ಕಾಲೇಜಿನಲ್ಲಿ ಪೋಷಕರ ಸಭೆ ಕರೆದಾಗ ಮಾರ್ಕ್ಸ್ ಕಾರ್ಡಿಗೆ ಸಹಿ ಹಾಕಿ ಎದ್ದು ಬರಬೇಡಿ. ಲ್ಯಾಬು ಎಲ್ಲಿದೆ, ತೋರಿಸಿ ಎನ್ನಿ. ಬೀಗ ಹಾಕಿದೆ ಎಂದರೆ ಬೀಗದ ಕೈ ಯಾರ ಹತ್ತಿರ ಎಂದು ಕೇಳಿ. ಅಟೆಂಡರು ಊಟಕ್ಕೆ ಹೋಗಿದ್ದಾನೆ ಎನ್ನುತ್ತಾರೆ. ಪರವಾಗಿಲ್ಲ, ಕಾಯುತ್ತೇವೆ ಎಂದು ಹೇಳಿ ಅಲ್ಲೇ ಬೆಂಚಿನ ಮೇಲೆ ಕೂತುಕೊಳ್ಳಿ. ಹೋಗುವಾಗ ವ್ಯಾನಿಟಿ ಬ್ಯಾಗಿನಲ್ಲಿ ಒಂದು ಪೊಟ್ಟಣ ಚೈನಾ ಗ್ರಾಸ್ ಇಟ್ಟುಕೊಂಡಿರಿ.